ಬ್ರೂಕ್ಲಿನ್‌ನ ಆರನೇ ತರಗತಿಯ ಲಾಟರಿ: ಇಷ್ಟವಾದ ಶಾಲೆಯನ್ನು ಮೊದಲು ಬರೆಯುವುದೋ, ಸಿಗುವಂಥ ಶಾಲೆಯನ್ನೋ?

ಪ್ರಶ್ನೆ: ನಿವೃತ್ತ ಬ್ಯಾಂಕ್ ನೌಕರ, ಸರಸ್ವತಿಪುರಂ, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮತ್ತು ಅಳಿಯ ಹಲವು ವರ್ಷಗಳಿಂದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ನೆಲೆಸಿದ್ದಾರೆ. ಮೊಮ್ಮಗಳು ಐದನೇ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳ ಸರ್ಕಾರಿ ಶಾಲೆ ಐದನೇ ತರಗತಿಗೆ ಮುಗಿಯುವುದರಿಂದ ಆರರಿಂದ ಎಂಟರವರೆಗೆ ಓದಲು ಮತ್ತೊಂದು ಸರ್ಕಾರಿ ಶಾಲೆಗೆ ಸೇರಬೇಕು. ನಮ್ಮ ಕಾಲದವರು ಮಿಡ್ಲ್ ಸ್ಕೂಲು ಎನ್ನುತ್ತಿದ್ದುದೇ ಇದು. ಶುಲ್ಕವೇನೂ ಇಲ್ಲ. ಆದರೆ ಸೀದಾ ಹೋಗಿ ಟಿ.ಸಿ. ಕೊಟ್ಟು ಹೆಸರು ಬರೆಸಿ ಬರುವ ಹಾಗೂ ಇಲ್ಲ. ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಒಂದು ಅರ್ಜಿಯಲ್ಲಿ ಬರೆದು ಡಿಸೆಂಬರ್ ತಿಂಗಳಲ್ಲಿ ಆನ್‌ಲೈನ್ ಮೂಲಕ ಸಲ್ಲಿಸಬೇಕು. ಅಷ್ಟರಲ್ಲಿ ಕಂಪ್ಯೂಟರ್ ಪ್ರತಿ ಮಗುವಿಗೂ ಒಂದು ಲಾಟರಿ ಸಂಖ್ಯೆಯನ್ನು ಕೊಟ್ಟಿರುತ್ತದೆ. ಆ ಸಂಖ್ಯೆ ಮತ್ತು ಈ ಕ್ರಮ ಎರಡನ್ನೂ ನೋಡಿ, ಯಾವ ಶಾಲೆ ಸಿಕ್ಕಿತೆಂಬುದನ್ನು ನಮ್ಮ ಯುಗಾದಿಯ ಆಸುಪಾಸಿನಲ್ಲಿ ತಿಳಿಸುತ್ತಾರಂತೆ.

ಬೆಳಿಗ್ಗೆ ಏಳಕ್ಕೆ ನಾನು ಕಾಫಿ ಕುಡಿಯುವ ಹೊತ್ತಿಗೆ ಮಗಳು ವಿಡಿಯೋ ಕರೆ ಮಾಡುತ್ತಾಳೆ. ಅಲ್ಲಿ ಹಿಂದಿನ ರಾತ್ರಿ ಎಂಟೂವರೆ. ಎರಡು ವಾರದಿಂದ ಈ ಶಾಲೆಗಳ ಮಾತನ್ನು ಬಿಟ್ಟರೆ ನಮ್ಮ ನಡುವೆ ಬೇರೆ ಮಾತಿಲ್ಲ. ಅವರ ಪಟ್ಟಿಯಲ್ಲಿ ಮುಖ್ಯವಾಗಿ ಮೂರು ಶಾಲೆಗಳಿವೆ. ಒಂದು ಸಂಗೀತಕ್ಕೆ ಹೆಸರಾದದ್ದು. ಮೊಮ್ಮಗಳಿಗೆ ಅದರ ಮೇಲೇ ಮನಸ್ಸು, ಆದರೆ ಎಲ್ಲರಿಗೂ ಅದೇ ಬೇಕು. ಎರಡನೆಯದು ಮನೆಯಿಂದ ಹತ್ತು ನಿಮಿಷದ ನಡಿಗೆಯ ದೂರದಲ್ಲಿದೆ, ಚೆನ್ನಾಗಿಯೇ ಇದೆ, ಅದಕ್ಕೂ ಬೇಡಿಕೆಯಿದೆ. ಮೂರನೆಯದು ಚಿಕ್ಕ ಶಾಲೆ, ಅದರ ಬಗ್ಗೆ ಒಳ್ಳೆಯ ಮಾತನ್ನಾಗಲಿ ಕೆಟ್ಟ ಮಾತನ್ನಾಗಲಿ ಹೇಳುವವರಿಲ್ಲ. ಮೊಮ್ಮಗಳ ಲಾಟರಿ ಸಂಖ್ಯೆ ಉದ್ದನೆಯದು, ಅಂಕಿಗಳೂ ಇಂಗ್ಲಿಷ್ ಅಕ್ಷರಗಳೂ ಬೆರೆತಿವೆ. ಅದು ‘ಸಿ4’ ಎಂದು ಶುರುವಾಗುತ್ತದೆ. ಅದು ಒಳ್ಳೆಯ ಸಂಖ್ಯೆಯಲ್ಲ ಎಂದು ಮಗಳು ಸಪ್ಪೆ ಮುಖ ಮಾಡಿಕೊಂಡು ಹೇಳಿದಳು.

ಈಗ ನನ್ನ ಪ್ರಶ್ನೆ. ಮಗಳ ಸ್ನೇಹಿತೆಯೊಬ್ಬರು ಕೊಟ್ಟ ಸಲಹೆ ಹೀಗಿದೆ: ಸಂಖ್ಯೆ ಚೆನ್ನಾಗಿಲ್ಲದಿರುವಾಗ ಸಂಗೀತದ ಶಾಲೆಯನ್ನು ಮೊದಲು ಬರೆದರೆ ಅದೂ ಸಿಗುವುದಿಲ್ಲ, ಅಷ್ಟರಲ್ಲಿ ಹತ್ತಿರದ ಶಾಲೆಯೂ ಅದನ್ನು ಮೊದಲು ಬರೆದವರಿಂದ ತುಂಬಿಹೋಗಿರುತ್ತದೆ, ಆದ್ದರಿಂದ ಹತ್ತಿರದ ಶಾಲೆಯನ್ನೇ ಮೊದಲು ಬರೆದು ಭದ್ರ ಮಾಡಿಕೊಳ್ಳಿ. ಅಳಿಯನಿಗೆ ಈ ಮಾತು ಸರಿಯೆನಿಸಿದೆ. ಮಗಳಿಗೆ ಅರ್ಧ ಮನಸ್ಸು. ಮೂವತ್ತೈದು ವರ್ಷ ಸಾಲದ ಅರ್ಜಿಗಳನ್ನು ನೋಡಿದ ನನಗೂ ಭದ್ರತೆ ಎಂಬ ಪದ ಕೇಳಿದರೆ ಕಿವಿ ನಿಮಿರುತ್ತದೆ. ಆದರೂ ಹತ್ತು ವರ್ಷದ ಮಗು ಇಷ್ಟಪಟ್ಟದ್ದನ್ನು ನಾವೇ ಕೆಳಕ್ಕೆ ಇಳಿಸಿಬಿಟ್ಟರೆ ಹೇಗೆ ಎಂಬ ಅಳುಕು ಬಿಡುತ್ತಿಲ್ಲ. ಇಲ್ಲಿ ಯಾರಿಗಾದರೂ ಆ ಪದ್ಧತಿಯ ಅನುಭವವಿದ್ದರೆ, ಅಥವಾ ಒಳಗಿನ ಲೆಕ್ಕ ಗೊತ್ತಿದ್ದರೆ, ದಯವಿಟ್ಟು ವಿವರವಾಗಿ ತಿಳಿಸಿ. ಕಡೆಯ ದಿನಾಂಕಕ್ಕೆ ಇನ್ನು ಒಂಬತ್ತು ದಿನ ಉಳಿದಿದೆ.

ಉತ್ತರ: ಬ್ರೂಕ್ಲಿನ್‌ನಿಂದ ಮರಳಿದವಳು, ಕುವೆಂಪುನಗರ, ಮೈಸೂರು

ಸರ್, ನಮಸ್ಕಾರ. ನಾವು ಬ್ರೂಕ್ಲಿನ್‌ನಲ್ಲಿದ್ದು ಕಳೆದ ವರ್ಷವಷ್ಟೇ ಮೈಸೂರಿಗೆ ವಾಪಸಾದೆವು. ನಮ್ಮ ಮಗ ಇದೇ ಲಾಟರಿಯ ಮೂಲಕ 2022ರ ಸೆಪ್ಟೆಂಬರ್‌ನಲ್ಲಿ ಆರನೇ ತರಗತಿಗೆ ಸೇರಿದ. ಲೆಕ್ಕದ ಭಾಗವನ್ನು ತಿಳಿದವರು ಬರೆಯಲಿ, ನಾನು ನೋಡಿದ್ದನ್ನು ಹೇಳುತ್ತೇನೆ.

ಮೊದಲು ಒಂದು ಸ್ಪಷ್ಟನೆ. ಅಲ್ಲಿ ಶಾಲಾ ಜಿಲ್ಲೆ ಎಂದರೆ ನಮ್ಮ ಮೈಸೂರು ಜಿಲ್ಲೆಯಂಥದ್ದಲ್ಲ. ನ್ಯೂಯಾರ್ಕ್ ನಗರವೊಂದನ್ನೇ 32 ಶಾಲಾ ಜಿಲ್ಲೆಗಳಾಗಿ ಹಂಚಿದ್ದಾರೆ. ನಮ್ಮ ಬಿಇಒ ಕಚೇರಿಯ ವ್ಯಾಪ್ತಿ ಇದ್ದ ಹಾಗೆ ಎಂದುಕೊಳ್ಳಿ. ಮಗು ವಾಸಿಸುವ ಅಥವಾ ಈಗ ಓದುತ್ತಿರುವ ಜಿಲ್ಲೆಯ ಶಾಲೆಗಳಿಗೆ ಅರ್ಜಿ ಹಾಕಬಹುದು, ಇವಲ್ಲದೆ ಇಡೀ ನಗರದ ಮಕ್ಕಳಿಗೆ ತೆರೆದಿರುವ ಕೆಲವು ಶಾಲೆಗಳೂ ಉಂಟು. ಒಂದೊಂದು ಜಿಲ್ಲೆಯ ರೂಢಿ ಒಂದೊಂದು ಬಗೆ. ಕೆಲವು ಕಡೆ ನಿಮ್ಮ ಬೀದಿಗೆ ಇಂಥದೇ ಶಾಲೆ ಎಂದು ಗೊತ್ತುಮಾಡಿರುತ್ತಾರೆ, ಕೆಲವು ಕಡೆ ಎಲ್ಲವೂ ಆಯ್ಕೆ. ಹಾಗಾಗಿ ಬೇರೆ ಜಿಲ್ಲೆಯಲ್ಲಿರುವ ಸ್ನೇಹಿತೆಯ ಅನುಭವ ನಿಮ್ಮ ಮಗಳಿಗೆ ಹೊಂದಬೇಕೆಂದೇನೂ ಇಲ್ಲ.

ನಿಮ್ಮ ಮಗಳ ಸ್ನೇಹಿತೆ ಹೇಳಿದ ಮಾತನ್ನು ನಾನು ಪಾರ್ಕಿನ ಬೆಂಚಿನ ಮೇಲೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದು ಪೂರ್ತಿ ಕಟ್ಟುಕಥೆಯಲ್ಲ, ಹಳೆಯ ಕಾಲದ ಸತ್ಯ. ಹಿಂದೆ ಕೆಲವು ಜಿಲ್ಲೆಗಳಲ್ಲಿ ನೀವು ಎಷ್ಟನೆಯ ಸ್ಥಾನದಲ್ಲಿ ಬರೆದಿದ್ದೀರೆಂಬುದು ಶಾಲೆಯವರಿಗೆ ಕಾಣುತ್ತಿತ್ತು, ತಮ್ಮನ್ನು ಮೊದಲನೆಯದಾಗಿ ಬರೆಯದ ಮಕ್ಕಳನ್ನು ಅವರು ಪಕ್ಕಕ್ಕೆ ಸರಿಸುತ್ತಿದ್ದರು. ಈಗ ಅದು ಅವರಿಗೆ ಕಾಣುವುದಿಲ್ಲ. ಪದ್ಧತಿ ಬದಲಾಗಿ ವರ್ಷಗಳಾದರೂ ಸಲಹೆ ಮಾತ್ರ ಬದಲಾಗದೆ ಒಬ್ಬ ತಾಯಿಯಿಂದ ಇನ್ನೊಬ್ಬ ತಾಯಿಗೆ ದಾಟುತ್ತಲೇ ಇದೆ. ನಾವು ಇಷ್ಟದ ಕ್ರಮದಲ್ಲೇ ಬರೆದೆವು. ಸಿಕ್ಕಿದ್ದು ಮೂರನೆಯದು. ಮೇಲಿನ ಎರಡು ಶಾಲೆಗಳ ಕಾಯುವ ಪಟ್ಟಿಗೆ ಮಗನ ಹೆಸರು ತಾನಾಗಿಯೇ ಸೇರಿತು. ಸಿಕ್ಕ ಶಾಲೆಗಿಂತ ಮೇಲೆ ಬರೆದ ಶಾಲೆಗಳ ಪಟ್ಟಿಗೆ ಮಾತ್ರ ಹಾಗೆ ಸೇರುತ್ತದೆ ಎಂಬುದನ್ನು ಗಮನಿಸಿ. ಹತ್ತಿರದ ಶಾಲೆಯನ್ನು ಮೊದಲು ಬರೆದು ಅದು ಸಿಕ್ಕಿಬಿಟ್ಟರೆ ಸಂಗೀತದ ಶಾಲೆಯ ಪಟ್ಟಿಯಲ್ಲಿ ಮೊಮ್ಮಗಳ ಹೆಸರು ತಾನಾಗಿ ಬರುವುದಿಲ್ಲ.

ಶಾಲೆಯನ್ನು ಹೇಗೆ ನೋಡಬೇಕು ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕ್ರಮ ಬರೆಯುವುದಕ್ಕಿಂತ ಕಷ್ಟದ ಕೆಲಸ ಅದೇ. ಶರತ್ಕಾಲದಲ್ಲಿ ಪ್ರತಿ ಶಾಲೆಯೂ ಪೋಷಕರನ್ನು ಕರೆದು ಒಳಗೆಲ್ಲ ತೋರಿಸುತ್ತದೆ. ಮುಖ್ಯೋಪಾಧ್ಯಾಯರ ಭಾಷಣ ಎಲ್ಲ ಕಡೆ ಒಂದೇ ಥರ ಇರುತ್ತದೆ. ನಾನು ನೋಡುತ್ತಿದ್ದುದು ಒಂದು ಪೀರಿಯಡ್ ಮುಗಿದು ಮತ್ತೊಂದು ಶುರುವಾಗುವ ಆ ನಾಲ್ಕು ನಿಮಿಷವನ್ನು. ಆಗ ಮಕ್ಕಳು ಹಜಾರದಲ್ಲಿ ಹೇಗೆ ಓಡಾಡುತ್ತಾರೆ, ಶಿಕ್ಷಕರು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಮಾತನಾಡಿಸುತ್ತಾರೋ ಗದರಿಸುತ್ತಾರೋ ಎಂಬುದರಲ್ಲಿ ಶಾಲೆಯ ಸ್ವಭಾವ ಕಂಡುಬಿಡುತ್ತದೆ. ಎಂಟನೇ ತರಗತಿಯಲ್ಲಿ ಬೀಜಗಣಿತವನ್ನು ಎಲ್ಲ ಮಕ್ಕಳಿಗೂ ಕಲಿಸುತ್ತಾರೋ ಕೆಲವರಿಗಷ್ಟೇ ಕಲಿಸುತ್ತಾರೋ ಎಂದು ಕೇಳಬೇಕು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸಂಜೆಯವರೆಗೆ ಮಕ್ಕಳನ್ನು ಇಟ್ಟುಕೊಳ್ಳುವ ವ್ಯವಸ್ಥೆ ಇದೆಯೇ, ಅದಕ್ಕೆ ಜಾಗ ಸಿಗುತ್ತದೆಯೇ ಎಂದು ಕೇಳಬೇಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದು ಸಂಗೀತಕ್ಕಿಂತ ದೊಡ್ಡ ವಿಷಯ.

ಇನ್ನು ದೂರ. ಅಲ್ಲಿ ಆರನೇ ತರಗತಿಯ ಮಗು ಒಂಟಿಯಾಗಿ ಸಬ್‌ವೇ ರೈಲು ಹತ್ತುವುದು ಸಾಮಾನ್ಯ. 2024ರ ಸೆಪ್ಟೆಂಬರ್‌ನಿಂದ ವಿದ್ಯಾರ್ಥಿಗಳಿಗೆ ಕೊಡುವ ಓಮ್ನಿ ಕಾರ್ಡಿನಲ್ಲಿ ದಿನಕ್ಕೆ ನಾಲ್ಕು ಸಲ, ವರ್ಷದ 365 ದಿನವೂ ಉಚಿತವಾಗಿ ಓಡಾಡಬಹುದು. ಹಣ ತೊಂದರೆಯಲ್ಲ. ಆದರೆ ಜನವರಿಯ ಮಂಜಿನಲ್ಲಿ, ಬೆನ್ನಿಗೆ ಚೀಲ, ಕೈಯಲ್ಲಿ ಪಿಟೀಲಿನ ಪೆಟ್ಟಿಗೆ ಹೊತ್ತು ಎರಡು ರೈಲು ಬದಲಿಸುವುದನ್ನು ಒಮ್ಮೆ ಮಗುವಿನ ಜೊತೆ ನಿಜವಾಗಿಯೂ ಮಾಡಿ ನೋಡಲಿ, ಬೆಳಿಗ್ಗೆ ಏಳೂಕಾಲಿಗೆ ಹೊರಟು. ನಾವು ಹಾಗೆ ಮಾಡಿದ ಮೇಲೆ ಪಟ್ಟಿಯಲ್ಲಿದ್ದ ಒಂದು ಶಾಲೆಯನ್ನು ಮಗನೇ ಹೊಡೆದುಹಾಕಿದ.

ಉತ್ತರ: ಗಣಿತದ ಮೇಷ್ಟ್ರು, ಮಂಡ್ಯ

ಮಾನ್ಯರೇ, ನಾನು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಬೋಧಿಸಿ ನಿವೃತ್ತನಾದವನು. ನ್ಯೂಯಾರ್ಕನ್ನು ನೋಡಿಲ್ಲ. ಆದರೆ ಸಿಇಟಿ ಆಪ್ಷನ್ ಎಂಟ್ರಿಯ ದಿನಗಳಲ್ಲಿ ಹಳ್ಳಿಯ ಮಕ್ಕಳ ಪಕ್ಕದಲ್ಲಿ ಕುಳಿತು ಕಾಲೇಜುಗಳ ಕ್ರಮ ಹಾಕಿಸಿದ ಅನುಭವ ಸಾಕಷ್ಟಿದೆ. ನಿಮ್ಮ ಅಳಿಯನವರ ಭಯವನ್ನು ಆ ಮಕ್ಕಳ ಮುಖದಲ್ಲಿ ಪ್ರತಿ ವರ್ಷ ನೋಡುತ್ತಿದ್ದೆ. ‘ಇಷ್ಟು ದೊಡ್ಡ ಕಾಲೇಜು ನನಗೆಲ್ಲಿ ಸಿಗುತ್ತೆ ಸಾರ್’ ಎಂದು ಊರ ಹತ್ತಿರದ ಕಾಲೇಜನ್ನು ಮೊದಲು ಹಾಕಿದ ಹುಡುಗನಿಗೆ ಆ ಕಾಲೇಜೇ ಸಿಗುತ್ತಿತ್ತು. ಆಮೇಲೆ ನೋಡಿದರೆ ಅವನಿಗಿಂತ ಹಿಂದಿನ ರ್‍ಯಾಂಕಿನವನಿಗೆ ಬೆಂಗಳೂರಿನ ಆ ದೊಡ್ಡ ಕಾಲೇಜು ಸಿಕ್ಕಿರುತ್ತಿತ್ತು. ಸಿಕ್ಕ ಆಪ್ಷನ್‌ಗಿಂತ ಕೆಳಗಿನವೆಲ್ಲ ಮುಂದಿನ ಸುತ್ತಿಗೆ ಅಳಿಸಿಹೋಗುತ್ತವೆ ಎಂಬುದು ಸಿಇಟಿ ಬರೆಸಿದ ಪ್ರತಿ ಮನೆಗೂ ಗೊತ್ತು. ಇವನು ದೊಡ್ಡ ಕಾಲೇಜನ್ನು ಕೆಳಗೆ ಬರೆದಿದ್ದರಿಂದ ಅದೂ ಆ ಜೊತೆಗೇ ಅಳಿಸಿಹೋಗುತ್ತಿತ್ತು.

ನ್ಯೂಯಾರ್ಕಿನ ಲಾಟರಿ ಸಂಖ್ಯೆ ಎಂದರೆ ಪರೀಕ್ಷೆಯಿಲ್ಲದೆ, ಚೀಟಿ ಎತ್ತಿ ಕೊಟ್ಟ ಸಿಇಟಿ ರ್‍ಯಾಂಕು ಎಂದು ತಿಳಿಯಿರಿ. ನೀವು ಬರೆದ ‘ಸಿ4’ ಎಷ್ಟು ಹಿಂದಿದೆ ಎಂಬುದನ್ನು ಲೆಕ್ಕ ಹಾಕಬಹುದು. ಆ ಸಂಖ್ಯೆ ಹದಿನಾರರ ಮಾನದಲ್ಲಿದೆ: 0ಯಿಂದ 9ರವರೆಗೆ ಹತ್ತು ಅಂಕಿಗಳು, ಅವುಗಳ ಮುಂದೆ ಎ ಯಿಂದ ಎಫ್ ವರೆಗೆ ಆರು ಅಕ್ಷರಗಳು. ಎ ಎಂದರೆ 10, ಬಿ ಎಂದರೆ 11, ಸಿ ಎಂದರೆ 12. ಒಟ್ಟು 32 ಸ್ಥಾನಗಳಿದ್ದರೂ ಮೊದಲ ಎರಡೇ ಸಾಕು, ಉಳಿದದ್ದು ಕೂದಲು ಸೀಳುವ ಕೆಲಸ. ಸಿ4ರ ಬೆಲೆ 12ನ್ನು 16ರಿಂದ ಗುಣಿಸಿ 4 ಕೂಡಿದರೆ 196. ಎರಡು ಸ್ಥಾನಗಳಲ್ಲಿ ಒಟ್ಟು 256 ಬೆಲೆಗಳು ಸಾಧ್ಯ. 196ನ್ನು 256ರಿಂದ ಭಾಗಿಸಿದರೆ ಶೇ. 76.6 ಬರುತ್ತದೆ. ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ನಿಮ್ಮ ಮೊಮ್ಮಗಳು ಸುಮಾರು 77ನೆಯವಳು. ಚೆನ್ನಾಗಿಲ್ಲ ಎಂದು ಮಗಳು ಹೇಳಿದ್ದು ನಿಜವೇ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಹಬ್ಬದ ಮುನ್ನಾದಿನ ಬಸ್ ನಿಲ್ದಾಣದಲ್ಲಿ ಮೈಸೂರಿನ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಕ್ಕೆ ಕರ್ಚೀಫು ಎಸೆದು ಸೀಟು ಹಿಡಿಯುವುದನ್ನು ನೋಡಿದ್ದೀರಿ. ಅಮೆರಿಕದ ಬಾಸ್ಟನ್ ನಗರದಲ್ಲಿ ಶಾಲೆ ಹಂಚುವ ಹಳೆಯ ಪದ್ಧತಿ ಹೀಗೇ ಇತ್ತು. ಒಂದು ಶಾಲೆಯನ್ನು ಮೊದಲನೆಯದಾಗಿ ಬರೆದವರಿಗೆ ಮೊದಲ ಸುತ್ತಿನಲ್ಲೇ ಸೀಟು ಖಾಯಂ. ಅದನ್ನೇ ಎರಡನೆಯದಾಗಿ ಬರೆದ ಮಗುವಿನ ಸಂಖ್ಯೆ ಎಷ್ಟೇ ಒಳ್ಳೆಯದಿದ್ದರೂ ಅದು ಬಸ್ಸು ತುಂಬಿದ ಮೇಲೆ ಬಂದ ಪ್ರಯಾಣಿಕನಿದ್ದ ಹಾಗೆ. ಅಲ್ಲಿ ನಿಮ್ಮ ಮಗಳ ಸ್ನೇಹಿತೆಯ ಉಪಾಯ ಸರಿಯಾದದ್ದೇ. ಉಪಾಯ ಗೊತ್ತಿದ್ದವರ ಮಕ್ಕಳಿಗೆ ಲಾಭ, ಗೊತ್ತಿಲ್ಲದವರ ಮಕ್ಕಳಿಗೆ ನಷ್ಟ ಎಂಬ ಕಾರಣಕ್ಕೆ ಬಾಸ್ಟನ್‌ನವರು 2005ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು.

ನ್ಯೂಯಾರ್ಕಿನಲ್ಲಿ ಕರ್ಚೀಫಿಗೆ ಬೆಲೆಯಿಲ್ಲ. ಬಸ್ಸು ಹೊರಡುವ ತನಕ ಯಾವ ಸೀಟೂ ಖಾಯಂ ಅಲ್ಲ. ಹತ್ತಿರದ ಶಾಲೆಯಲ್ಲಿ ಒಂದೇ ಸೀಟು ಉಳಿದಿದೆ ಎಂದುಕೊಳ್ಳಿ. ‘ಇ’ ಎಂದು ಶುರುವಾಗುವ ಸಂಖ್ಯೆಯ ಹುಡುಗನೊಬ್ಬ ಅದನ್ನೇ ಮೊದಲು ಬರೆದು ತಾತ್ಕಾಲಿಕವಾಗಿ ಅಲ್ಲಿ ಕುಳಿತಿದ್ದಾನೆ. ನಿಮ್ಮ ಮೊಮ್ಮಗಳು ಸಂಗೀತದ ಶಾಲೆಯನ್ನು ಕೇಳಿ, ಅಲ್ಲಿ ಸಿಗದೆ, ತನ್ನ ಎರಡನೆಯ ಇಷ್ಟವಾದ ಈ ಶಾಲೆಗೆ ಬರುತ್ತಾಳೆ. ಕಂಪ್ಯೂಟರ್ ಯಾರು ಮೊದಲು ಬಂದರೆಂದು ನೋಡುವುದಿಲ್ಲ, ಯಾರು ಎಷ್ಟನೆಯದಾಗಿ ಬರೆದರೆಂದೂ ನೋಡುವುದಿಲ್ಲ. ಇಬ್ಬರೂ ಒಂದೇ ಆದ್ಯತೆಯ ಗುಂಪಿನವರಾದರೆ ಸಿ ಮುಂದೆ, ಇ ಹಿಂದೆ, ಅಷ್ಟೇ. ಹುಡುಗ ಎದ್ದು ತನ್ನ ಮುಂದಿನ ಶಾಲೆಗೆ ಹೋಗಬೇಕು. ಇದನ್ನು ತಿರುಗಿಸಿಯೂ ನೋಡಿ. ಮೊಮ್ಮಗಳು ಹತ್ತಿರದ ಶಾಲೆಯನ್ನು ಮೊದಲೇ ಬರೆದು ಕುಳಿತಿದ್ದರೂ, ‘3’ರಿಂದ ಶುರುವಾಗುವ ಸಂಖ್ಯೆಯ ಮಗು ಬೇರೆಲ್ಲೋ ಸಿಗದೆ ಐದನೆಯ ಆಯ್ಕೆಯಾಗಿ ಅಲ್ಲಿಗೆ ಬಂದರೆ ಇವಳು ಎದ್ದು ಜಾಗ ಬಿಡಲೇಬೇಕು. ಮೊದಲು ಬರೆದದ್ದರಿಂದ ಭದ್ರತೆಯೇನೂ ಹೆಚ್ಚಲಿಲ್ಲ, ಯಾರೂ ಎಬ್ಬಿಸದೆ ಅಲ್ಲೇ ಸೀಟು ಸಿಕ್ಕಿಬಿಟ್ಟರೆ ಸಂಗೀತದ ಶಾಲೆಯನ್ನು ಕೇಳುವ ಅವಕಾಶವೂ ಕೈತಪ್ಪುತ್ತದೆ.

ಈ ಲೆಕ್ಕದ ಮೂಲ 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಇಬ್ಬರು ಗಣಿತಜ್ಞರು ಬರೆದ ಕೆಲವೇ ಪುಟಗಳ ಲೇಖನ. ಕೇಳುವ ಕಡೆಯವರು ತಮ್ಮ ನಿಜವಾದ ಇಷ್ಟವನ್ನು ಮರೆಮಾಚಿ ಏನನ್ನೂ ಗಳಿಸಲಾರರು ಎಂಬುದನ್ನು ಆಮೇಲಿನವರು ಸಾಧಿಸಿ ತೋರಿಸಿದರು. ಆಲ್ವಿನ್ ರಾತ್ ಮತ್ತು ಅವರ ಜೊತೆಗಾರರು 2003ರ ಸುಮಾರಿಗೆ ಇದನ್ನು ನ್ಯೂಯಾರ್ಕಿನ ಹೈಸ್ಕೂಲು ಪ್ರವೇಶಕ್ಕೆ ಅಳವಡಿಸಿದರು. ಅದಕ್ಕೆ ಮೊದಲು ತಾವು ಕೇಳದೇ ಇದ್ದ ಶಾಲೆಗೆ ಹೋಗಬೇಕಾಗಿ ಬರುತ್ತಿದ್ದ ಮಕ್ಕಳು ವರ್ಷಕ್ಕೆ ಸುಮಾರು 30,000 ಇದ್ದರು; ಹೊಸ ಪದ್ಧತಿಯ ಮೊದಲ ವರ್ಷ ಆ ಸಂಖ್ಯೆ ಸುಮಾರು 3,000ಕ್ಕೆ ಇಳಿಯಿತು. ಶಾಪ್ಲಿ ಮತ್ತು ರಾತ್ ಅವರಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ 2008ರಲ್ಲೇ ತೀರಿಕೊಂಡಿದ್ದರು. ಅದು ನನಗೆ ಈಗಲೂ ಸ್ವಲ್ಪ ಬೇಸರದ ಸಂಗತಿ.

ಆದುದರಿಂದ ಕ್ರಮವನ್ನು ಮುಟ್ಟಬೇಡಿ. ಮುಟ್ಟಬೇಕಾದದ್ದು ಪಟ್ಟಿಯ ಉದ್ದವನ್ನು. ಸಂಖ್ಯೆ 77ನೆಯದಾಗಿರುವಾಗ ಬೇಡಿಕೆಯ ಎರಡು ಶಾಲೆ ಮತ್ತು ಒಂದು ಚಿಕ್ಕ ಶಾಲೆ ಎಂದು ಮೂರನ್ನೇ ಬರೆದು ಕೈಕಟ್ಟಿ ಕೂರುವುದು ಅಪಾಯ. ಮೂರರಲ್ಲೂ ಸಿಗದಿದ್ದರೆ ಎಲ್ಲಿ ಸೀಟು ಉಳಿದಿದೆಯೋ ಅಲ್ಲಿಗೆ ಅವರೇ ಹಾಕುತ್ತಾರೆ. ಮಗುವನ್ನು ಕಳಿಸಲು ನಿಮಗೆ ಒಪ್ಪಿಗೆಯಿರುವ, ಹೆಚ್ಚು ಸೀಟುಗಳಿರುವ ಇನ್ನೂ ನಾಲ್ಕೈದು ಶಾಲೆಗಳನ್ನು ಕೆಳಗೆ ಸೇರಿಸಿ. ಕೆಳಗೆ ಸೇರಿಸಿದ್ದರಿಂದ ಮೇಲಿನವುಗಳ ಅವಕಾಶ ಕೂದಲೆಳೆಯಷ್ಟೂ ಕುಗ್ಗುವುದಿಲ್ಲ.

ಉತ್ತರ: ಪ್ರೌಢಶಾಲಾ ಶಿಕ್ಷಕ, ಮದ್ದೂರು

ಮೇಷ್ಟ್ರ ಲೆಕ್ಕವನ್ನು ಒಪ್ಪುತ್ತೇನೆ. ನನಗೆ ಒಪ್ಪಿಗೆಯಾಗದಿರುವುದು ಲಾಟರಿಯೇ. ಮಗು ಐದು ವರ್ಷ ಶ್ರದ್ಧೆಯಿಂದ ಓದಿದ್ದಕ್ಕೆ ಯಾವ ಬೆಲೆಯೂ ಇಲ್ಲದೆ ಕಂಪ್ಯೂಟರ್ ಉದುರಿಸಿದ ಒಂದು ಸಂಖ್ಯೆ ಅದರ ಶಾಲೆಯನ್ನು ತೀರ್ಮಾನಿಸುವುದಾದರೆ ಓದಿದ್ದೇಕೆ ಎಂದು ಮಗು ಕೇಳಿದಾಗ ನಾವು ಏನು ಹೇಳಬೇಕು? ನಮ್ಮಲ್ಲಿ ಆರನೇ ತರಗತಿಗೆ ನವೋದಯವಿದೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಎರಡಕ್ಕೂ ಪ್ರವೇಶ ಪರೀಕ್ಷೆಯಿದೆ. ಕೂಲಿ ಮಾಡುವವರ ಮಗುವೊಂದು ಪರೀಕ್ಷೆ ಬರೆದು ನವೋದಯಕ್ಕೆ ಆಯ್ಕೆಯಾದ ದಿನ ಇಡೀ ಊರು ಸಂಭ್ರಮಿಸುವುದನ್ನು ನಾನು ಕಂಡಿದ್ದೇನೆ. ಚೀಟಿಯಲ್ಲಿ ಗೆದ್ದ ಮಗುವಿಗೆ ಆ ಹೆಮ್ಮೆ ಬಂದೀತೇ?

ಲಾಟರಿಯ ರುಚಿಯನ್ನು ನಾವೂ ನೋಡಿದ್ದೇವೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳ ಶೇ. 25 ಸೀಟುಗಳನ್ನು ಹಂಚುವಾಗ ನಮ್ಮ ರಾಜ್ಯದಲ್ಲೂ ಲಾಟರಿಯೇ ನಡೆಯಿತು. ಒಂದೇ ಬೀದಿಯ ಒಂದು ಮನೆಯ ಮಗು ವ್ಯಾನು ಹತ್ತಿ ಹೋಯಿತು, ಎದುರು ಮನೆಯ ಮಗು ನಮ್ಮ ಸರ್ಕಾರಿ ಶಾಲೆಯಲ್ಲೇ ಉಳಿಯಿತು. ಆ ಮಗುವಿನ ತಾಯಿ ಉಳಿದದ್ದನ್ನು ಸೋತದ್ದು ಎಂದೇ ತಿಳಿದರು. 2019ರಲ್ಲಿ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಆ ಸೀಟುಗಳು ಇಲ್ಲವಾದವು. ಅದು ಬೇರೆ ಚರ್ಚೆ. ಆದರೆ ಲಾಟರಿ ನಡೆಯುವ ಕಡೆಯೆಲ್ಲ ಒಂದು ಶಾಲೆ ಬಹುಮಾನವಾಗುತ್ತದೆ, ಇನ್ನೊಂದು ಶಾಲೆ ಶಿಕ್ಷೆಯಾಗುತ್ತದೆ. ಎಲ್ಲ ಶಾಲೆಗಳನ್ನೂ ಒಂದು ಮಟ್ಟಕ್ಕೆ ತರುವುದನ್ನು ಬಿಟ್ಟು ಹಂಚಿಕೆಗೆ ನೊಬೆಲ್ ಮಟ್ಟದ ಗಣಿತ ಬಳಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಉತ್ತರ: ಬ್ರೂಕ್ಲಿನ್‌ನಿಂದ ಮರಳಿದವಳು, ಕುವೆಂಪುನಗರ, ಮೈಸೂರು

ಮದ್ದೂರಿನ ಸರ್ ಅವರ ಕೊನೆಯ ಮಾತನ್ನು ನಾನೂ ಒಪ್ಪುತ್ತೇನೆ. ಪರೀಕ್ಷೆಯ ವಿಷಯದಲ್ಲಿ ಮಾತ್ರ ಅಲ್ಲಿನ ಹಿನ್ನೆಲೆ ಗೊತ್ತಿದ್ದರೆ ಒಳ್ಳೆಯದು. ಹಿಂದೆ ಅಲ್ಲಿ ಬಹಳಷ್ಟು ಶಾಲೆಗಳು ನಾಲ್ಕನೇ ತರಗತಿಯ ಅಂಕಗಳನ್ನು, ರಾಜ್ಯ ಪರೀಕ್ಷೆಯ ಫಲಿತಾಂಶವನ್ನು, ಹಾಜರಾತಿಯನ್ನು ನೋಡಿ ಮಕ್ಕಳನ್ನು ಆರಿಸುತ್ತಿದ್ದವು. ಹಾಜರಾತಿ ಎಂದರೆ ಒಂಬತ್ತು ವರ್ಷದ ಮಗು ಎಷ್ಟು ದಿನ ತಡವಾಗಿ ಬಂತು ಎಂಬುದೂ ಸೇರಿ. ಮಗುವನ್ನು ತಡವಾಗಿ ಬಿಟ್ಟವರು ತಾಯಿ ತಂದೆ, ಅಂಕ ಕಳೆದುಕೊಂಡದ್ದು ಮಗು. ಪರಿಣಾಮವಾಗಿ ಅನುಕೂಲಸ್ಥರ ಮಕ್ಕಳೆಲ್ಲ ಕೆಲವೇ ಶಾಲೆಗಳಲ್ಲಿ ಸೇರಿಕೊಂಡರು. ಬ್ರೂಕ್ಲಿನ್‌ನ 15ನೇ ಜಿಲ್ಲೆಯ ಪೋಷಕರೇ ಇದರ ವಿರುದ್ಧ ಒತ್ತಾಯ ತಂದು, 2018ರಲ್ಲಿ ಒಪ್ಪಿಗೆಯಾದ ಯೋಜನೆಯಲ್ಲಿ ಆ ಜಿಲ್ಲೆಯ ಮಾಧ್ಯಮಿಕ ಶಾಲೆಗಳಲ್ಲಿ ಅಂಕ ನೋಡುವುದನ್ನೇ ನಿಲ್ಲಿಸಿದರು. ಶೇ. 52 ಸೀಟುಗಳಲ್ಲಿ ಕಡಿಮೆ ಆದಾಯದ ಕುಟುಂಬಗಳ, ಇಂಗ್ಲಿಷ್ ಕಲಿಯುತ್ತಿರುವ ಮತ್ತು ಸ್ವಂತ ಸೂರಿಲ್ಲದೆ ತಾತ್ಕಾಲಿಕ ವಸತಿಯಲ್ಲಿರುವ ಮಕ್ಕಳಿಗೆ ಆದ್ಯತೆ ಕೊಟ್ಟರು. ಕೋವಿಡ್ ಬಂದು ಪರೀಕ್ಷೆ, ಹಾಜರಾತಿ ಎಲ್ಲ ಅಸ್ತವ್ಯಸ್ತವಾದಾಗ, 2020ರ ಡಿಸೆಂಬರ್‌ನಲ್ಲಿ ಮೇಯರ್ ಇಡೀ ನಗರದ ಮಾಧ್ಯಮಿಕ ಶಾಲೆಗಳಲ್ಲಿ ಅಂಕ ನೋಡುವುದನ್ನು ತಡೆಹಿಡಿದರು. 2022ರಿಂದ ಅದನ್ನು ಮತ್ತೆ ತರಬೇಕೇ ಬೇಡವೇ ಎಂಬುದನ್ನು ಆಯಾ ಜಿಲ್ಲೆಯ ಮೇಲಧಿಕಾರಿಗೆ ಬಿಟ್ಟಿದ್ದಾರೆ.

ಮಂಡ್ಯದ ಮೇಷ್ಟ್ರ ಲೆಕ್ಕಕ್ಕೆ ಒಂದು ತಿದ್ದುಪಡಿ. ನೂರರಲ್ಲಿ 77ನೆಯವಳು ಎಂಬುದು ಎಲ್ಲ ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದಾಗ. ಅಲ್ಲಿ ಮೊದಲು ಆದ್ಯತೆಯ ಗುಂಪುಗಳನ್ನು ನೋಡಿ, ಒಂದೊಂದು ಗುಂಪಿನ ಒಳಗೆ ಮಾತ್ರ ಲಾಟರಿ ಸಂಖ್ಯೆಯನ್ನು ನೋಡುತ್ತಾರೆ. ನಿಮ್ಮ ಮಗಳ ಮನೆ 15ನೇ ಜಿಲ್ಲೆಯಲ್ಲಿದ್ದರೆ, ಆ ಶೇ. 52ರ ಆದ್ಯತೆ ಅವರಿಗೆ ಅನ್ವಯಿಸದಿದ್ದರೆ, ಉಳಿದ ಶೇ. 48ರ ಲೆಕ್ಕವನ್ನಷ್ಟೇ ಹಿಡಿಯಬೇಕು. ಬೇರೆ ಜಿಲ್ಲೆಯಾದರೆ, ಹತ್ತಿರದ ಶಾಲೆ ಅವರ ಬೀದಿಗೆ ಗೊತ್ತಾದ ಶಾಲೆಯೇ ಎಂದು ವಿಚಾರಿಸಲಿ. ಹಾಗಿದ್ದರೆ ಸಿ4 ಆದರೂ ಹೆದರಬೇಕಾಗಿಲ್ಲ. ಆ ಶಾಲೆಯಲ್ಲಿ ಅವಳು ಮುಂದಿನ ಗುಂಪಿನಲ್ಲೇ ಇರುತ್ತಾಳೆ, ಅದನ್ನು ಎರಡನೆಯದಾಗಿ ಬರೆದರೂ ಸರಿಯೇ. ಚಾರ್ಟರ್ ಶಾಲೆಗಳ, ಅಂದರೆ ಸರ್ಕಾರದ ಹಣದಲ್ಲಿ ಸ್ವತಂತ್ರ ಸಂಸ್ಥೆಗಳು ನಡೆಸುವ ಶಾಲೆಗಳ, ಲಾಟರಿ ಬೇರೆಯೇ ನಡೆಯುತ್ತದೆ, ಅದಕ್ಕೆ ಅರ್ಜಿಯೂ ಬೇರೆ; ಎರಡನ್ನೂ ಕಲಸಿಕೊಳ್ಳಬೇಡಿ.

ಕಾಯುವ ಪಟ್ಟಿ ಬೇಸಿಗೆಯುದ್ದಕ್ಕೂ ಸರಿಯುತ್ತಿರುತ್ತದೆ. ಊರು ಬಿಡುವವರು, ಖಾಸಗಿ ಶಾಲೆಗೆ ಹೋಗುವವರು ಸೀಟು ಬಿಟ್ಟ ಹಾಗೆಲ್ಲ ಕರೆ ಬರುತ್ತದೆ. ನಮ್ಮ ಮಗನಿಗೆ ಎರಡನೆಯ ಇಷ್ಟದ ಶಾಲೆಯಿಂದ ಆಗಸ್ಟ್ ಕೊನೆಯಲ್ಲಿ ಕರೆ ಬಂತು. ಅಷ್ಟರಲ್ಲಿ ಅವನು ಮೂರನೆಯ ಶಾಲೆಯ ಬೇಸಿಗೆ ಶಿಬಿರಕ್ಕೆ ಹೋಗಿ ಇಬ್ಬರು ಗೆಳೆಯರನ್ನು ಮಾಡಿಕೊಂಡಿದ್ದ. ಬರುವುದಿಲ್ಲ ಎಂದ. ನಾನೇ ಎರಡು ದಿನ ನಿದ್ದೆಯಿಲ್ಲದೆ ಹೊರಳಾಡಿ ಕೊನೆಗೆ ಆ ಸೀಟನ್ನು ಬಿಟ್ಟುಕೊಟ್ಟೆ.

ಪ್ರಶ್ನೆ ಕೇಳಿದವರು: ನಿವೃತ್ತ ಬ್ಯಾಂಕ್ ನೌಕರ, ಸರಸ್ವತಿಪುರಂ, ಮೈಸೂರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಮಗಳಿಗೆ ಓದಿ ಹೇಳಿದೆ. ಕರ್ಚೀಫಿನ ಉದಾಹರಣೆ ಬಂದಾಗ ಅಳಿಯ ಗಟ್ಟಿಯಾಗಿ ನಕ್ಕುಬಿಟ್ಟರು. ಅವರು ಓದುವ ಕಾಲದಲ್ಲಿ ಮೈಸೂರಿನಿಂದ ಮಂಡ್ಯಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿದವರು. ಅವರಿರುವುದು 15ನೇ ಜಿಲ್ಲೆಯಲ್ಲೇ ಎಂದು ಖಚಿತವಾಯಿತು. ಶೇ. 52ರ ಆದ್ಯತೆ ಅವರಿಗೆ ಬರುವುದಿಲ್ಲ, ಬರಬಾರದು ಕೂಡ ಎಂದು ಮಗಳು ಹೇಳಿದಳು.

ಶನಿವಾರ ಶಾಲೆಯಿಲ್ಲದಿದ್ದರೂ, ಕುವೆಂಪುನಗರದ ಸೋದರಿ ಹೇಳಿದಂತೆ, ಬೆಳಿಗ್ಗೆ ಏಳೂಕಾಲಿಗೆ ಮೂವರೂ ಮನೆಯಿಂದ ಹೊರಟು ಸಂಗೀತದ ಶಾಲೆಯ ಬಾಗಿಲವರೆಗೆ ಹೋಗಿ ಬಂದರು. ಮೊಮ್ಮಗಳು ಒಂದು ಕೈಯಲ್ಲಿ ಪಿಟೀಲಿನ ಪೆಟ್ಟಿಗೆಯನ್ನೂ ಹಿಡಿದಿದ್ದಳಂತೆ. ಹೋಗುವಾಗ 38 ನಿಮಿಷ ಹಿಡಿಯಿತು, ಒಂದು ಕಡೆ ರೈಲು ಬದಲಿಸಬೇಕಾಯಿತು. ವಾಪಸು ಬಂದ ಮೇಲೆ, ಸಂಗೀತದ ಶಾಲೆ ಈಗಲೂ ಮೊದಲನೆಯದೇ ಎಂದು ಹೇಳಿದಳಂತೆ. ಆದರೆ ಎರಡನೆಯ ಜಾಗದಲ್ಲಿದ್ದ ಹತ್ತಿರದ ಶಾಲೆಯನ್ನು ಮೂರಕ್ಕೆ ಇಳಿಸಿ, ಯಾರೂ ಏನೂ ಹೇಳದಿದ್ದ ಆ ಚಿಕ್ಕ ಶಾಲೆಯನ್ನು ಎರಡಕ್ಕೆ ಏರಿಸಿದ್ದಾಳೆ. ಕಾರಣ ಕೇಳಿದರೆ, ಶಾಲೆ ನೋಡಲು ಹೋದ ದಿನ ಅಲ್ಲಿಯ ವಿಜ್ಞಾನದ ಶಿಕ್ಷಕಿ ಅವಳ ಹೆಸರನ್ನು ಸರಿಯಾಗಿ ಉಚ್ಚರಿಸಲು ಎರಡು ಸಲ ಕೇಳಿ ಕಲಿತರು ಎಂದಳು. ಇದರಲ್ಲಿ ವಾದ ಮಾಡುವಂಥದ್ದು ನನಗೇನೂ ಕಾಣಲಿಲ್ಲ.

ಮೇಷ್ಟ್ರ ಸಲಹೆಯಂತೆ ಕೆಳಗೆ ಇನ್ನೂ ನಾಲ್ಕು ಶಾಲೆಗಳನ್ನು ಸೇರಿಸಿ ಒಟ್ಟು ಏಳನ್ನು ಬರೆದು ನಿನ್ನೆ ರಾತ್ರಿ ಅರ್ಜಿ ಸಲ್ಲಿಸಿದ್ದಾರೆ. ಮದ್ದೂರಿನ ಶಿಕ್ಷಕರ ಪ್ರಶ್ನೆಯನ್ನೂ ಮೊಮ್ಮಗಳ ಮುಂದಿಟ್ಟೆ: ಓದಿದ್ದಕ್ಕೆ ಬೆಲೆಯಿಲ್ಲದಿದ್ದರೆ ಓದಿದ್ದೇಕೆ? ‘ತಾತ, ಲಾಟರಿ ಇರೋದು ಶಾಲೆಗೆ, ಪುಸ್ತಕಕ್ಕಲ್ಲವಲ್ಲ’ ಎಂದು ಹೇಳಿ ಊಟಕ್ಕೆ ಎದ್ದುಹೋದಳು. ಫಲಿತಾಂಶ ಬಂದ ದಿನ ಇಲ್ಲಿಯೇ ಬರೆಯುತ್ತೇನೆ.